ಕೆನ್ನೆಯ ಹೊಲಿಗೆ ಗುರುತು ಮುಚ್ಚಬೇಕು, ಆದ್ರೆ ಮೇಕಪ್ ಹಾಕಿದ್ದು ಗೊತ್ತಾಗಬಾರದು – ದಾರಿ ಹೇಳಿ

ಬೆಣ್ಣೆದೋಸೆ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇದೇ ಮೊದಲ ಸಲ ಬರೆಯುತ್ತಿದ್ದೇನೆ.

ಹೋದ ವರ್ಷ ಮಳೆಗಾಲದಲ್ಲಿ ಸ್ಕೂಟಿಯಿಂದ ಬಿದ್ದೆ. ರಸ್ತೆಯ ಹಂಪ್‌ಗೆ ಬಿಳಿ ಪಟ್ಟೆ ಬಳಿದಿರಲಿಲ್ಲ, ಕತ್ತಲಲ್ಲಿ ಕಾಣಲಿಲ್ಲ. ಎಡಗೆನ್ನೆಗೆ ಏಳು ಹೊಲಿಗೆ ಬಿತ್ತು. ಈಗ 14 ತಿಂಗಳಾಗಿದೆ. ನೋವಿಲ್ಲ, ತುರಿಕೆ ಇಲ್ಲ. ಕಣ್ಣಿನ ಹೊರಮೂಲೆಯಿಂದ ಕಿವಿ ಕಡೆಗೆ ನಾಲ್ಕು ಸೆಂಟಿಮೀಟರಿನಷ್ಟು ಗೆರೆ ಉಳಿದಿದೆ. ಗೆರೆಯ ನಡುಭಾಗ ಬೆಳ್ಳಗಿದೆ, ಸ್ವಲ್ಪ ಹೊಳೆಯುತ್ತದೆ. ಎರಡೂ ಅಂಚು ಕಂದು. ಕಿವಿ ಹತ್ತಿರದ ತುದಿ ಒಂದು ಅಕ್ಕಿಕಾಳಿನಷ್ಟು ಉಬ್ಬಿದೆ.

ಇನ್ನು ಆರು ವಾರಕ್ಕೆ ನನ್ನ ಮದುವೆ. ಭಾನುವಾರ ಪಾರ್ಲರ್‌ನಲ್ಲಿ ಟ್ರಯಲ್ ಮಾಡಿಸಿದೆ. ಆಕೆ ಒಂದು ಸ್ಟಿಕ್ ತಗೊಂಡು ಗೆರೆ ಮೇಲೆ ತಿಕ್ಕಿದರು. ಅದರ ಮೇಲೆ ಫೌಂಡೇಶನ್, ಆಮೇಲೆ ಪೌಡರ್, ಮತ್ತೆ ಸ್ಟಿಕ್. ಅಲ್ಲಿನ ಕನ್ನಡಿಯಲ್ಲಿ ಪರವಾಗಿಲ್ಲ ಅನಿಸಿತು. ಹೊರಗೆ ಬಿಸಿಲಿಗೆ ಬಂದು ಸೆಲ್ಫಿ ತೆಗೆದರೆ ಗೋಡೆ ಬಿರುಕಿಗೆ ಪುಟ್ಟಿ ಮೆತ್ತಿದ ಹಾಗೆ ಕೆನ್ನೆ ಮೇಲೆ ಒಂದು ಪಟ್ಟಿ! ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು. ನನ್ನ ತಮ್ಮ ನೋಡಿ, "ಅಕ್ಕಾ, ಬರೀ ಗೆರೆ ಇದ್ದಾಗ್ಲೇ ಕಮ್ಮಿ ಕಾಣ್ತಿತ್ತು" ಅಂದುಬಿಟ್ಟ.

ಗೆರೆ ಪೂರ್ತಿ ಮಾಯ ಆಗಲೇಬೇಕು ಅಂತಿಲ್ಲ. ಕಣ್ಣು ಅಲ್ಲಿಗೇ ಹೋಗಿ ನಿಲ್ಲದಿದ್ದರೆ ಸಾಕು. ಗೊತ್ತಿರುವವರು ಹೇಳಿ, ಪ್ಲೀಸ್.

ಸಂಜೆಮಲ್ಲಿಗೆ

ಸುಳ್ಳು ಹೇಳುವುದಿಲ್ಲ, ಮದುಮಗಳಿಗೆ ಎರಡು ಶೇಡ್ ಬೆಳ್ಳಗೆ ಮಾಡುವ ಚಾಳಿ ನಮ್ಮ ಕಡೆಯ ಪಾರ್ಲರ್‌ಗಳಲ್ಲಿ ಇನ್ನೂ ಹೋಗಿಲ್ಲ. ನನ್ನ ಮದುವೆ ಫೋಟೋದಲ್ಲಿ ನನ್ನ ಕೈ ಯಾರದ್ದೋ, ಮುಖ ಯಾರದ್ದೋ. ಮೊದಲು ನಿಮ್ಮ ಬಣ್ಣಕ್ಕೆ ಸರಿಯಾದ ಫೌಂಡೇಶನ್ ಹಾಕಿ ಅಂತ ಗಟ್ಟಿಯಾಗಿ ಹೇಳಿ. ಗೆರೆ ವಿಷಯ ಆಮೇಲೆ.

ಅಜ್ಜಿಮದ್ದು

ನಿಂಬೆರಸಕ್ಕೆ ಅಡುಗೆ ಸೋಡ ಬೆರೆಸಿ ದಿನಾ ರಾತ್ರಿ ಹಚ್ಚಿ. ಒಂದು ತಿಂಗಳಲ್ಲಿ ಕಲೆ ಹೋಗುತ್ತದೆ. ಮೇಕಪ್ಪೇ ಬೇಡ.

ಹುಬ್ಬಳ್ಳಿ_ಚರ್ಮವೈದ್ಯೆ

ದಯವಿಟ್ಟು ನಿಂಬೆ, ಸೋಡ ಏನೂ ಹಚ್ಚಬೇಡಿ. ನಿಂಬೆರಸ ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಸುಟ್ಟು, ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಮದುವೆಗೆ ಆರು ವಾರ ಇಟ್ಟುಕೊಂಡು ಈ ಪ್ರಯೋಗ ಬೇಡವೇ ಬೇಡ.

ದಾವಣಗೆರೆಯವರೇ, ನೀವು ಬರೆದಿದ್ದನ್ನು ಓದಿದರೆ ಕಲೆ ಹೆಚ್ಚುಕಡಿಮೆ ಮಾಗಿದೆ ಅನಿಸುತ್ತದೆ. ಗಾಯದ ಕಲೆ ಮಾಗುವುದಕ್ಕೆ 12ರಿಂದ 18 ತಿಂಗಳು ಬೇಕು. ಮೊದಲು ಕೆಂಪಗೆ, ಗಟ್ಟಿಯಾಗಿ ಇರುತ್ತದೆ. ಬರಬರುತ್ತಾ ಮೆತ್ತಗಾಗಿ ಬಣ್ಣ ಇಳಿಯುತ್ತದೆ. ಈಗ ಹೊಸದಾಗಿ ಲೇಸರ್, ಪೀಲಿಂಗ್, ಸೂಜಿ ಚಿಕಿತ್ಸೆ ಅಂತ ಯಾರಾದರೂ ಆಸೆ ತೋರಿಸಿದರೆ ಮದುವೆ ಮುಗಿದ ಮೇಲೆ ನೋಡೋಣ ಅನ್ನಿ. ನಮ್ಮ ಕಂದು ಚರ್ಮ ಕೆರಳಿದರೆ ಕಪ್ಪಾಗುವುದು ಬೇಗ, ಅದು ಇಳಿಯುವುದು ನಿಧಾನ.

ಉಬ್ಬಿದ ತುದಿಗೆ ಸಿಲಿಕೋನ್ ಜೆಲ್ ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚಿ. ಆರು ವಾರದಲ್ಲಿ ಪವಾಡ ಆಗುವುದಿಲ್ಲ, ಅದಕ್ಕೆ ಎರಡು ಮೂರು ತಿಂಗಳಾದರೂ ಬೇಕು. ಆದರೂ ಶುರು ಮಾಡಿ. ಹಗಲು ಹೊತ್ತು ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಇಲ್ಲದ ಸನ್‌ಸ್ಕ್ರೀನ್ ಬಿಡಬೇಡಿ. ಅಂಚಿನ ಕಂದು ಇನ್ನಷ್ಟು ಗಾಢ ಆಗದಂತೆ ತಡೆಯುವುದು ಅದೇ.

ಬೇರೆ ಓದುಗರಿಗೂ ಒಂದು ಮಾತು. ಹೊಲಿಗೆ ಬಿಚ್ಚಿ, ಹಕ್ಕಳೆ ತಾನಾಗಿ ಉದುರಿ, ಚರ್ಮ ಪೂರ್ತಿ ಕೂಡುವ ತನಕ ಮೇಕಪ್ ಮುಟ್ಟಬೇಡಿ. ಕಲೆ ಗಾಯದ ಗಡಿ ದಾಟಿ ಬೆಳೆಯುತ್ತಿದ್ದರೆ, ತುರಿಸುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಆಗ ಮೊದಲು ಡಾಕ್ಟರು, ಆಮೇಲೆ ಪಾರ್ಲರು.

ಚೌಕಿಮನೆ

ತಂಗಿ, ನಾನು ಕರಾವಳಿಯವ. ಚಿಕ್ಕಂದಿನಲ್ಲಿ ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅಪ್ಪನ ಪಕ್ಕ ಕೂತು ಬಣ್ಣ ಕಲಿತವ. ಈಗ 20 ವರ್ಷದಿಂದ ಧಾರಾವಾಹಿ, ನಾಟಕಕ್ಕೆ ಮೇಕಪ್ ಮಾಡುತ್ತಿದ್ದೇನೆ. ಯಕ್ಷಗಾನದಲ್ಲಿ ಬಣ್ಣ ದಪ್ಪ ಇದ್ದರೂ ನಡೆಯುತ್ತದೆ, ನೋಡುವವರು ದೂರ ಕೂತಿರುತ್ತಾರೆ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಅಕ್ಕಿಹಿಟ್ಟು, ಸುಣ್ಣ ಕಲೆಸಿ ಚಿಟ್ಟಿ (ಉಬ್ಬು ಚುಕ್ಕೆ) ಇಡುವಾಗ ಮುಖ ಉಬ್ಬಿ ಕಾಣಬೇಕು ಅಂತಲೇ ಇಡುವುದು. ನಿಮ್ಮ ಪಾರ್ಲರಿನವರು ಮಾಡಿದ್ದೂ ಹೆಚ್ಚುಕಡಿಮೆ ಅದೇ. ಉಬ್ಬಿದ್ದರ ಮೇಲೆ ಮೆತ್ತಿದರು, ಅದು ಇನ್ನೂ ಉಬ್ಬಿತು.

ಒಂದು ಸಣ್ಣ ಪರೀಕ್ಷೆ ಮಾಡಿ. ರಾತ್ರಿ ಕನ್ನಡಿ ಮುಂದೆ ನಿಂತು ದೀಪ ಆರಿಸಿ. ಮೊಬೈಲ್ ಟಾರ್ಚ್ ಹಾಕಿ ಮೊದಲು ಮುಖಕ್ಕೆ ಎದುರಿಗೆ ಹಿಡಿಯಿರಿ. ಆಗ ಕಾಣುವುದು ಬಣ್ಣದ ವ್ಯತ್ಯಾಸ. ಆಮೇಲೆ ಟಾರ್ಚನ್ನು ಕಿವಿ ಪಕ್ಕಕ್ಕೆ ತಂದು ಅಡ್ಡ ಬೆಳಕು ಬಿಡಿ. ಆಗ ಕಾಣುವುದು ಉಬ್ಬಿನ ನೆರಳು. ಬಣ್ಣವನ್ನು ಮೇಕಪ್ ಮುಚ್ಚುತ್ತದೆ. ನೆರಳನ್ನು ಯಾವ ದೇವರ ಮೇಕಪ್ಪೂ ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ಮೋಸ ಮಾಡಬಹುದು ಅಷ್ಟೆ. ನಿಮಗೆ ಎರಡರಲ್ಲಿ ಯಾವುದು ಜಾಸ್ತಿ ಅಂತ ನೋಡಿ ಹೇಳಿ. ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ ಶೂಟಿಂಗ್ ಉಂಟು.

ಬೆಣ್ಣೆದೋಸೆ_ದಾವಣಗೆರೆ

ಅಣ್ಣಾ, ಮಾಡಿ ನೋಡಿದೆ. ಎದುರು ಬೆಳಕಿನಲ್ಲಿ ಕಂದು ಅಂಚು, ಬಿಳಿ ನಡುಭಾಗ ಎರಡೂ ಎದ್ದು ಕಾಣುತ್ತವೆ. ಅಡ್ಡ ಬೆಳಕಿಗೆ ಕಿವಿ ಹತ್ತಿರದ ಆ ಅಕ್ಕಿಕಾಳು ಮಾತ್ರ. ಅಂದ್ರೆ ಬಣ್ಣದ್ದೇ ಜಾಸ್ತಿ. ಇದನ್ನು ಮಾಡುವಾಗ ಅಮ್ಮ ಬಾಗಿಲು ತೆಗೆದು, ಕತ್ತಲಲ್ಲಿ ಬ್ಯಾಟರಿ ಹಿಡಿದು ನಿಂತ ನನ್ನನ್ನು ನೋಡಿ ಹೆದರಿಬಿಟ್ಟರು.

ಕಲೆಯೂ_ಒಂದು_ಕತೆ

ಯಾಕೆ ಮುಚ್ಚಬೇಕು ಅಂತ ಕೇಳಬಹುದಾ? ನನ್ನ ಗಲ್ಲದ ಮೇಲೂ ಒಂದು ಗುರುತಿದೆ, ಹಾಗೇ ಮದುವೆಯಾದೆ. ಗಂಡನಾಗುವವನಿಗೆ ಗೊತ್ತಿದ್ದರೆ ಸಾಕಲ್ವಾ? ನಾವೇ ಮುಚ್ಚುತ್ತಾ ಹೋದರೆ ಕಲೆ ಇರುವುದು ತಪ್ಪು ಅಂತ ನಾವೇ ಒಪ್ಪಿದ ಹಾಗೆ ಆಗುತ್ತದೆ.

ಬೆಣ್ಣೆದೋಸೆ_ದಾವಣಗೆರೆ

ಅಕ್ಕಾ, ನಿಮ್ಮ ಮಾತು ನನಗೆ ಇಷ್ಟವಾಯಿತು. ನಾನು ದಿನಾ ಮುಚ್ಚಿಕೊಂಡು ಓಡಾಡುವವಳಲ್ಲ, ಆಫೀಸಿಗೆ ಹಾಗೇ ಹೋಗುತ್ತೇನೆ. ಹುಡುಗನಿಗೂ ಎಲ್ಲ ಗೊತ್ತು, ಬಿದ್ದ ದಿನ ಆಸ್ಪತ್ರೆಗೆ ಕರೆದುಕೊಂಡು ಹೋದವರೇ ಅವರು. ಆದರೆ ಮದುವೆಗೆ 600 ಜನ ಬರುತ್ತಾರೆ. ಒಬ್ಬೊಬ್ಬರೂ "ಅಯ್ಯೋ, ಏನವ್ವಾ ಇದು" ಅಂದರೆ 600 ಸಲ ಹಂಪಿನ ಕತೆ ಹೇಳಬೇಕು. ನಾನು ಊಟ ಮಾಡುವುದು ಯಾವಾಗ?

ಕಲೆಯೂ_ಒಂದು_ಕತೆ

ಹಹ್ಹ, ಸರಿ, ಈ ಕಾರಣ ಒಪ್ಪಿದೆ. ನನ್ನನ್ನು ಕೇಳಿದವರಿಗೆ "ಬೆಕ್ಕು ಪರಚಿತು" ಅಂತ ಒಂದೇ ಮಾತು ಹೇಳುತ್ತಿದ್ದೆ. ನಮ್ಮನೆಯಲ್ಲಿ ಬೆಕ್ಕೇ ಇಲ್ಲ.

ಚೌಕಿಮನೆ

ಈಗ ಪುರುಸೊತ್ತು ಸಿಕ್ಕಿತು. ಉದ್ದ ಬರೆಯುತ್ತೇನೆ, ಸೇವ್ ಮಾಡಿ ಇಟ್ಟುಕೊಳ್ಳಿ.

ನಿಮ್ಮ ಗೆರೆಯಲ್ಲಿ ಎರಡು ಬಣ್ಣ ಉಂಟು, ಅವೆರಡಕ್ಕೆ ಒಂದೇ ಮದ್ದು ಹಾಕಿದ್ದೇ ತಪ್ಪಾದದ್ದು. ಕಂದು ಅಂಚಿಗೆ ಕಿತ್ತಳೆ ಮಿಶ್ರಿತ ಪೀಚ್ ಕರೆಕ್ಟರ್, ಅಂದರೆ ಕಲೆಯ ಬಣ್ಣ ತಗ್ಗಿಸುವ ಕ್ರೀಮು, ಬೇಕು. ಚರ್ಮ ಗಾಢವಾದಷ್ಟೂ ಕಿತ್ತಳೆ ಜಾಸ್ತಿ, ತಿಳಿಯಾದಷ್ಟೂ ಪೀಚ್. ಬಿಳಿ ನಡುಭಾಗಕ್ಕೆ ಕರೆಕ್ಟರ್ ತಾಗಿಸಲೇ ಬಾರದು. ತಾಗಿದರೆ ಅಲ್ಲೊಂದು ಕಿತ್ತಳೆ ಗೆರೆ ಎದ್ದು ಕೂರುತ್ತದೆ. ಅದಕ್ಕೆ ನೇರವಾಗಿ ನಿಮ್ಮ ಚರ್ಮದ ಬಣ್ಣದ ಕ್ರೀಮು, ಹಳದಿ ಛಾಯೆ ಕೊಂಚ ಮುಂದಿರುವಂಥದ್ದು. ಕೆಂಪು ಕಲೆ ಇರುವವರಿಗೆ ಹಸಿರು ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರೆ. ನಮ್ಮವರ ಚರ್ಮದ ಮೇಲೆ ಹಸಿರು ಒಂಚೂರು ಜಾಸ್ತಿಯಾದರೂ ಬೂದಿ ಬಡಿದ ಹಾಗೆ ಕಾಣುತ್ತದೆ. ಸೂಜಿಮೊನೆಯಷ್ಟು ಸಾಕು.

ಕ್ರೀಮು ಯಾವುದು ಅಂದರೆ, ಮಾಮೂಲಿ ಫೌಂಡೇಶನ್ ಇದಕ್ಕೆ ಸಾಲುವುದಿಲ್ಲ. ಕ್ಯಾಮಫ್ಲಾಜ್ ಕ್ರೀಮ್ ಅಂತ ಬೇರೆ ಬರುತ್ತದೆ. ಅದರಲ್ಲಿ ಬಣ್ಣದ ಪುಡಿ ಜಾಸ್ತಿ, ಅದಕ್ಕೇ ತೆಳ್ಳಗೆ ಹಚ್ಚಿದರೂ ಮುಚ್ಚುತ್ತದೆ. ನಾನು ಬಳಸುವುದು ಕ್ರಯೋಲಾನ್‌ನವರ ಡರ್ಮಾಕಲರ್. 1945ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ನಾಟಕದ ಬಣ್ಣದ ಕಂಪನಿ ಅದು. ಅದೇ ಬೇಕು ಅಂತ ನಾನು ಹೇಳುವುದಿಲ್ಲ, ಆ ಜಾತಿಯದ್ದು ಯಾವುದಾದರೂ ಆಗುತ್ತದೆ.

ಬಣ್ಣ ಹೊಂದಿಸುವುದು ಮಾತ್ರ ಹಗಲಲ್ಲಿ, ಕಿಟಕಿ ಪಕ್ಕ. ಟ್ಯೂಬ್‌ಲೈಟ್ ಕೆಳಗೆ ನೋಡಿ ತೆಗೆದುಕೊಂಡ ಬಣ್ಣ ಸರಿ ಇದ್ದದ್ದನ್ನು ನಾನು ಕಂಡದ್ದೇ ಕಮ್ಮಿ. ದವಡೆ ಅಂಚಿಗೆ ಮೂರು ಗೆರೆ ಎಳೆದು ಹತ್ತು ನಿಮಿಷ ಬಿಡಿ. ಹಚ್ಚಿದಾಗ ಇದ್ದ ಬಣ್ಣ ಗಾಳಿ ತಾಗಿ ಕೆಲವು ಸಲ ಒಂದು ಮೆಟ್ಟಿಲು ಕಪ್ಪಾಗುತ್ತದೆ. ಯಾವ ಗೆರೆ ಕಾಣದೆ ಹೋಯಿತೋ ಅದು ನಿಮ್ಮದು. ಒಂದೇ ಡಬ್ಬಿಯಲ್ಲಿ ಸಿಗದಿದ್ದರೆ ಎರಡು ಶೇಡ್ ಅಂಗೈ ಹಿಂಭಾಗದಲ್ಲಿ ಕಲೆಸಿ. ನಮ್ಮ ಅಪ್ಪನವರು ಬಿಳಿ, ಹಳದಿ, ಕೆಂಪು ಪುಡಿಗಳನ್ನು ಅಂಗೈಯಲ್ಲೇ ತೆಂಗಿನೆಣ್ಣೆ ಹಾಕಿ ಕಲೆಸುತ್ತಿದ್ದರು, ಅಳತೆ ಗಿಳತೆ ಏನಿಲ್ಲ, ಕಣ್ಣಂದಾಜು.

ಹಚ್ಚುವ ರೀತಿ ಹೇಳುತ್ತೇನೆ. ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಆಳದ ಗಾಯ ಕೂಡಿದ ಜಾಗದಲ್ಲಿ ಬೆವರಿನ ರಂಧ್ರ, ಕೂದಲು ಇರುವುದಿಲ್ಲ, ನುಣ್ಣಗಿರುತ್ತದೆ. ಒಣಗಿದ್ದರೆ ಬಣ್ಣ ಬಿರಿಯುತ್ತದೆ, ಜಿಡ್ಡಿದ್ದರೆ ಜಾರುತ್ತದೆ. ಅದಕ್ಕೇ ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ. ಮಕ್ಕಳು ಚಿತ್ರ ಬಿಡಿಸುವ ಎರಡನೇ ನಂಬರಿನ ಕುಂಚ ಹೊಸದೊಂದು ತನ್ನಿ. ಅದರ ತುದಿಯಲ್ಲಿ ಕಂದು ಅಂಚಿಗೆ ಮಾತ್ರ ಕರೆಕ್ಟರ್ ಎಳೆಯಿರಿ. ಉಂಗುರ ಬೆರಳಲ್ಲಿ ತಟ್ಟಿ. ಉಜ್ಜಬೇಡಿ. ಉಜ್ಜಿದರೆ ನೀವು ಇಟ್ಟದ್ದನ್ನು ನೀವೇ ಒರೆಸಿದ ಹಾಗೆ.

ಅದರ ಮೇಲೆ ಚರ್ಮದ ಬಣ್ಣ, ಹೊಗೆಯಷ್ಟು ತೆಳ್ಳಗೆ. ಗೆರೆಗಿಂತ ಅರ್ಧ ಸೆಂಟಿಮೀಟರ್ ಆಚೆಗೆ ತಟ್ಟುತ್ತಾ ಅಂಚು ಕರಗಿಸಿ. ಪೌಡರ್ ಒತ್ತಿ, ಹತ್ತು ನಿಮಿಷ ಬಿಟ್ಟು, ಮೆತ್ತನೆ ಬ್ರಷ್‌ನಲ್ಲಿ ಹೆಚ್ಚಿನದನ್ನು ಕೊಡವಿ. ಇನ್ನೂ ಕಾಣುತ್ತಿದ್ದರೆ ಮಾತ್ರ ಇನ್ನೊಂದು ತೆಳು ಪದರ, ಮತ್ತೆ ಪೌಡರ್. ಉಬ್ಬಿದ ತುದಿಗೆ ಅರ್ಧ ಶೇಡ್ ಗಾಢ ಹಾಕಿದರೆ ಹಿಂದಕ್ಕೆ ಸರಿದ ಹಾಗೆ ಕಾಣುತ್ತದೆ. ಗುಂಡಿ ಬಿದ್ದ ಕಲೆ ಇರುವವರು ಇದಕ್ಕೆ ಉಲ್ಟಾ ಮಾಡಿ, ಗುಂಡಿಯೊಳಗೆ ಅರ್ಧ ಶೇಡ್ ತಿಳಿ.

ಇಷ್ಟಕ್ಕೆ ಎಲ್ಲರೂ ನಿಲ್ಲಿಸುತ್ತಾರೆ. ಅಲ್ಲೇ ನಕಲಿ ಅಂತ ಗೊತ್ತಾಗುವುದು. ನಿಮ್ಮ ಇನ್ನೊಂದು ಕೆನ್ನೆ ಹತ್ತಿರದಿಂದ ನೋಡಿ. ಸಣ್ಣ ಸಣ್ಣ ರಂಧ್ರ, ಒಂದೆರಡು ಚುಕ್ಕೆ, ಬಣ್ಣ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಮುಚ್ಚಿದ ಜಾಗ ಮಾತ್ರ ಪ್ಲಾಸ್ಟಿಕ್ ಹಾಗೆ ಸಪಾಟು. ಅದಕ್ಕೆ ರಂಧ್ರ ದೊಡ್ಡದಿರುವ ಒರಟು ಸ್ಪಾಂಜ್ ತುಂಡು ತೆಗೆದುಕೊಳ್ಳಿ. ಒಂದು ಶೇಡ್ ಗಾಢ ಬಣ್ಣದಲ್ಲಿ ಅದ್ದಿ, ಮುಕ್ಕಾಲು ಪಾಲು ಟಿಶ್ಯೂಗೆ ಒರೆಸಿ, ಉಳಿದದ್ದನ್ನು ಗೆರೆ ಮೇಲೆ ಒಂದೆರಡು ಸಲ ಮೆಲ್ಲಗೆ ಒತ್ತಿ. ಆ ಚುಕ್ಕೆಗಳೇ ಚರ್ಮದ ಹಾಗೆ ಕಾಣಿಸುವುದು. ಇದನ್ನು ಕಲಿಯುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು, ನಿಮಗೆ ಪುಕ್ಕಟೆ ಕೊಟ್ಟೆ ಮಾರಾಯ್ತಿ, ಹೋಳಿಗೆ ಕಳಿಸಿ.

ತುಟಿಗೆರೆ

ಸರ್, ಗಂಡಸರಿಗೂ ಇಲ್ಲಿ ಜಾಗ ಇದೆಯಾ? ನನಗೆ ಹುಟ್ಟಿನಿಂದ ಸೀಳುತುಟಿ. ಕೂಸಾಗಿದ್ದಾಗಲೇ ಆಪರೇಷನ್ ಆಗಿದೆ. ಮೂಗಿನ ಕೆಳಗೆ ಗೆರೆ ಉಳಿದಿದೆ, ಅದರ ಮೇಲೆ ಮೀಸೆ ಬರುವುದಿಲ್ಲ. ಹೊಲದ ನಡುವೆ ಕಾಲುದಾರಿ ಬಿದ್ದ ಹಾಗೆ ಮೀಸೆ ಎರಡು ಪಾಲು. ಮುಂದಿನ ತಿಂಗಳು ತಂಗಿ ಮದುವೆ, ಫೋಟೋದಲ್ಲಿ ಮುಂದೆ ನಿಲ್ಲಬೇಕು. ಒಂದು ಸಲ ಕಾಡಿಗೆ ಪೆನ್ಸಿಲ್‌ನಲ್ಲಿ ತುಂಬಿಸಿಕೊಂಡೆ. ಊಟದ ಹೊತ್ತಿಗೆ ಸಾರಿನ ಜೊತೆ ಮೀಸೆಯೂ ಹೋಗಿತ್ತು.

ಚೌಕಿಮನೆ

ಜಾಗ ಯಾಕಿಲ್ಲ? ಚೌಕಿಯಲ್ಲಿ ಇದ್ದದ್ದೆಲ್ಲ ಗಂಡಸರೇ!

ಕಾಡಿಗೆ ಬೇಡ, ಅದು ಎಣ್ಣೆ, ಕರಗುತ್ತದೆ. ಬಣ್ಣವೂ ಅಚ್ಚ ಕಪ್ಪು, ಮೀಸೆ ಯಾರದ್ದೂ ಅಷ್ಟು ಕಪ್ಪಿರುವುದಿಲ್ಲ. ನೀರಿಗೆ ಹೋಗದ ಹುಬ್ಬಿನ ಪೆನ್ಸಿಲ್, ಕಪ್ಪುಗಂದು ಬಣ್ಣದ್ದು ತನ್ನಿ. ಬ್ಲೇಡಿನಲ್ಲಿ ಚೂಪು ಮಾಡಿ. ಮೊದಲು ಗೆರೆ ಮೇಲೆ ಪೌಡರ್ ಒತ್ತಿ. ಆಮೇಲೆ ಅಕ್ಕಪಕ್ಕದ ಕೂದಲು ಯಾವ ದಿಕ್ಕಿಗೆ ಬೆಳೆದಿದೆಯೋ ಅದೇ ದಿಕ್ಕಿಗೆ ಒಂದೊಂದೇ ಕೂದಲು ಎಳೆದ ಹಾಗೆ ಎಳೆಯಿರಿ. ಪೂರ್ತಿ ತುಂಬಿಸಬೇಡಿ, ಮೂರರಲ್ಲಿ ಎರಡು ಪಾಲು ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಸಿಕೊಳ್ಳುತ್ತದೆ. ಮೀಸೆ ಬೋಳಿಸುವವರಾದರೆ ನಾನು ಮೇಲೆ ಹೇಳಿದ ಒರಟು ಸ್ಪಾಂಜ್‌ನಲ್ಲಿ ಅದೇ ಬಣ್ಣ ಚುಕ್ಕೆ ಚುಕ್ಕೆಯಾಗಿ ಒತ್ತಿ, ಎರಡು ದಿನದ ಗಡ್ಡದ ಹಾಗೆ ಕಾಣುತ್ತದೆ. ಹುಬ್ಬು ಸೀಳಿದ ಗುರುತು ಇರುವವರಿಗೂ ಇದೇ ಲೆಕ್ಕ.

ತುಟಿಗೆರೆ

ಈಗಷ್ಟೇ ಮಾಡಿ ನೋಡಿದೆ. ನನ್ನ ಹೆಂಡತಿ ಹತ್ತು ನಿಮಿಷ ಮಾತಾಡಿದಳು, ಆಮೇಲೆ "ಏನೋ ಬೇರೆ ಥರ ಇದ್ದೀರಲ್ಲ, ಕಟಿಂಗ್ ಮಾಡಿಸಿದ್ರಾ" ಅಂದಳು. ಸರ್, ಉದ್ದಂಡ ನಮಸ್ಕಾರ.

ಬ್ಯಾಂಕ್_ಕೌಂಟರ್_3

ಇಷ್ಟು ದಿನ ಬರೆಯಬೇಕೋ ಬೇಡವೋ ಅಂದುಕೊಂಡಿದ್ದೆ, ಬರೆದೇ ಬಿಡುತ್ತೇನೆ.

ಕುಕ್ಕರ್ ಮುಚ್ಚಳ ಹಾರಿ ಮುಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು. ಕೆನ್ನೆ ಮೇಲೂ ಎರಡು ಹನಿ ಸಿಡಿದು ಕಪ್ಪು ಕಲೆ ಆಯಿತು. ಮೆಡಿಕಲ್ ಶಾಪಿನವರನ್ನು ಕೇಳಿದೆ, ಒಂದು ಟ್ಯೂಬ್ ಕೊಟ್ಟರು, ಚೀಟಿ ಗೀಟಿ ಏನೂ ಕೇಳಲಿಲ್ಲ. ಹದಿನೈದು ದಿನದಲ್ಲಿ ಕಲೆ ತಿಳಿಯಾಯಿತು, ಮುಖವೂ ಹೊಳೆಯಿತು. ಖುಷಿಯಾಗಿ ಎಂಟು ತಿಂಗಳು ಹಚ್ಚಿದೆ. ಬಿಟ್ಟ ವಾರವೇ ಮುಖ ಕೆಂಪಗೆ ಉರಿ, ಗಲ್ಲದ ಮೇಲೆ ಕೂದಲು, ಮೊಡವೆ. ಚರ್ಮ ಎಷ್ಟು ತೆಳುವಾಗಿತ್ತು ಅಂದರೆ ಕೆನ್ನೆಯ ನರ ಕಾಣುತ್ತಿದ್ದವು. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇತ್ತು ಅಂತ ಡಾಕ್ಟರು ಹೇಳಿದ ಮೇಲೆ ಗೊತ್ತಾಯಿತು. ಸಣ್ಣ ಎರಡು ಹನಿ ಕಲೆಗೆ ಇಡೀ ಮುಖ ಕೆಡಿಸಿಕೊಂಡೆ.

ಕೈ ಕಲೆಗೆ ಈಗಲೂ ಕ್ಯಾಮಫ್ಲಾಜ್ ಕ್ರೀಮು ಹಚ್ಚುತ್ತೇನೆ, ಫಂಕ್ಷನ್ ಇದ್ದಾಗ ಮಾತ್ರ. ಕೈಗೆ ಹಚ್ಚುವವರು ಸೀರೆ ಉಟ್ಟಾದ ಮೇಲೆ ಹಚ್ಚಿ. ಪೌಡರ್ ಎರಡು ಸಲ ಒತ್ತಿ ಹತ್ತು ನಿಮಿಷ ಕೈ ಮಡಚದೆ ಕೂತುಕೊಳ್ಳಿ. ಒಂದು ಸಲ ಅವಸರ ಮಾಡಿ ಕೆನೆಬಣ್ಣದ ರೇಷ್ಮೆ ಸೀರೆಯ ಸೆರಗಿಗೆ ಅಂಟಿಸಿಕೊಂಡೆ. ಸೀರೆ ನನ್ನದಲ್ಲ, ನಾದಿನಿಯದು.

ಹುಬ್ಬಳ್ಳಿ_ಚರ್ಮವೈದ್ಯೆ

ಬರೆದಿದ್ದು ಒಳ್ಳೆಯದಾಯಿತು. ನನ್ನ ಹತ್ತಿರ ಬರುವವರಲ್ಲಿ ಇಂಥವರು ವಾರಕ್ಕೊಬ್ಬರಾದರೂ ಇರುತ್ತಾರೆ. ಹಚ್ಚುವ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು 2018ರಲ್ಲೇ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಅಂಗಡಿಯಲ್ಲಿ ಕೇಳಿದರೆ ಕೊಡುವವರಿದ್ದಾರೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಅದನ್ನು ನೀವಾಗಿಯೇ ಮುಖಕ್ಕೆ ಹಚ್ಚಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿರುವವರು ದಿಢೀರ್ ಅಂತ ನಿಲ್ಲಿಸದೆ ಡಾಕ್ಟರನ್ನು ಕಂಡು ಬಿಡಿಸಿಕೊಳ್ಳಿ.

ಇನ್ನೊಂದು. ಹಣೆಯಲ್ಲಿ ಬಿಂದಿ ಅಂಟಿಸುವ ಜಾಗದಲ್ಲೇ ದುಂಡಗೆ ಬೆಳ್ಳಗಾದವರಿದ್ದಾರೆ. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ಚರ್ಮದ ಬಣ್ಣವನ್ನೇ ತೆಗೆಯುತ್ತದೆ. ಅದನ್ನು ಮೇಕಪ್‌ನಲ್ಲಿ ಮುಚ್ಚಿ ಮತ್ತೆ ಅದೇ ಬಿಂದಿ ಇಡುವವರನ್ನು ಕಂಡಿದ್ದೇನೆ. ಮೊದಲು ಬಿಂದಿ ಬಿಡಿ.

ಹೊಸ ಕ್ರೀಮು ಯಾವುದೇ ಇರಲಿ, ಮೊಣಕೈ ಒಳಮಡಿಕೆಯಲ್ಲೋ ಕಿವಿ ಹಿಂದೆಯೋ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಮದುವೆ ದಿನ ಬೆಳಿಗ್ಗೆ ಮೊದಲ ಸಲ ಡಬ್ಬಿ ತೆಗೆಯಬೇಡಿ.

ಲೆಸ್ಟರ್_ನರ್ಸ್

ನಾನು ತುಮಕೂರಿನವಳು, ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ ಕಲೆ ಮುಚ್ಚುವುದನ್ನು ಕಲಿಸುವುದಕ್ಕೇ ಒಂದು ವ್ಯವಸ್ಥೆ ಇದೆ. 1975ರಲ್ಲಿ ಬ್ರಿಟಿಷ್ ರೆಡ್‌ಕ್ರಾಸ್ ಶುರು ಮಾಡಿತು. 2011ರಿಂದ ಚೇಂಜಿಂಗ್ ಫೇಸಸ್ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ತರಬೇತಿ ಆದವರು ನಿಮ್ಮ ಚರ್ಮಕ್ಕೆ ಬಣ್ಣ ಹೊಂದಿಸಿ, ನೀವೇ ಹಚ್ಚಿಕೊಳ್ಳುವುದನ್ನು ಹೇಳಿಕೊಡುತ್ತಾರೆ. ಕೆಲವು ಕ್ರೀಮುಗಳನ್ನು ಡಾಕ್ಟರ ಚೀಟಿಯ ಮೇಲೂ ಪಡೆಯಬಹುದು. ಒಬ್ಬ ಪಂಜಾಬಿ ಅಜ್ಜಿ ತೊನ್ನಿನ ಕೈಗೆ ಹಚ್ಚಿಸಿಕೊಂಡು ಆ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದು ಇನ್ನೂ ನೆನಪಿದೆ.

ಇಂಥ ಕ್ರೀಮಿನ ಹುಟ್ಟೂ ಚೆನ್ನಾಗಿದೆ. ಲಿಡಿಯಾ ಓಲಿಯರಿ ಅನ್ನುವ ಅಮೆರಿಕದ ಹೆಂಗಸಿಗೆ ಹುಟ್ಟಿನಿಂದ ಮುಖದ ಮೇಲೆ ದೊಡ್ಡ ಕೆನ್ನೀಲಿ ಮಚ್ಚೆ. ಅದನ್ನು ಮುಚ್ಚಲು ತಾನೇ ಕವರ್‌ಮಾರ್ಕ್ ಅನ್ನುವ ಕ್ರೀಮು ಮಾಡಿ 1932ರಲ್ಲಿ ಪೇಟೆಂಟ್ ಪಡೆದಳು. ನಮ್ಮಲ್ಲಿ ದೊಡ್ಡಾಸ್ಪತ್ರೆಗಳ ಸುಟ್ಟಗಾಯದ ವಾರ್ಡಿನಲ್ಲಿ ಯಾರಾದರೂ ಒಬ್ಬರು ಇದನ್ನು ಕಲಿತವರಿದ್ದರೆ ಎಷ್ಟು ಜನಕ್ಕೆ ಉಪಯೋಗ, ಅಲ್ವಾ?

ಚೌಕಿಮನೆ

ಕಲಿಸುವುದಾದರೆ ನಾನು ರೆಡಿ. ರಜೆ ದಿನ ಮಾತ್ರ!

ಬೆಣ್ಣೆದೋಸೆ_ದಾವಣಗೆರೆ

ಮೂರು ವಾರ ಆದ ಮೇಲೆ ಬರುತ್ತಿದ್ದೇನೆ. ಪಾರ್ಲರ್ ಬದಲಿಸಿಲ್ಲ, ಆಕೆ ಕೂದಲು, ಸೀರೆ ಚೆನ್ನಾಗಿ ಮಾಡುತ್ತಾರೆ. ಗೆರೆ ಮಾತ್ರ ನಾನೇ ಮಾಡಿಕೊಂಡು ಬರುತ್ತೇನೆ, ನೀವು ಅದರ ಮೇಲೆ ತಿಕ್ಕಬೇಡಿ ಅಂತ ಹೇಳಿ ಒಪ್ಪಿಸಿದೆ. ದಿನಾ ರಾತ್ರಿ ಅಭ್ಯಾಸ. ಮೊದಲ ದಿನ 40 ನಿಮಿಷ ಆಯಿತು, ಈಗ 15. ಮೊದಮೊದಲು ಕಿತ್ತಳೆ ಅಂಚು ಹಣಕುತ್ತಿತ್ತು, ಜಾಸ್ತಿ ಹಾಕುತ್ತಿದ್ದೆ. ಚುಕ್ಕೆ ಒತ್ತುವುದು ಮೂರನೇ ದಿನಕ್ಕೆ ಕೈಗೆ ಹತ್ತಿತು. ನಿಜ ಅಣ್ಣಾ, ಅಲ್ಲಿಗೇ ಬಂದು ಚರ್ಮ ಆಗುತ್ತದೆ!

ಈಗ ಎರಡು ತೊಂದರೆ. ಒಂದು, ನಮ್ಮಲ್ಲಿ ಮದುವೆಗೆ ಎರಡು ದಿನ ಮುಂಚೆ ಅರಿಶಿನ ಶಾಸ್ತ್ರ. ಅತ್ತೆಯಂದಿರು ಬಿಡುವ ಪೈಕಿ ಅಲ್ಲ. ಎರಡು, ಬಾಸಿಂಗದ ದಾರ ಸರಿಯಾಗಿ ಗೆರೆಯ ತುದಿ ಮೇಲೇ ಹಾದು ಹೋಗುತ್ತದೆ.

ಚೌಕಿಮನೆ

ಅರಿಶಿನ ಎಣ್ಣೆಯಲ್ಲಿ ಬೇಗ ಬಿಡುತ್ತದೆ, ನೀರಲ್ಲಿ ಬಿಡುವುದಿಲ್ಲ. ಶಾಸ್ತ್ರ ಮುಗಿದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಆಮೇಲೆ ಕಡಲೆಹಿಟ್ಟಲ್ಲಿ ತೊಳೆಯಿರಿ. ಆದರೂ ಒಂದಿಷ್ಟು ಹಳದಿ ಉಳಿದೇ ಉಳಿಯುತ್ತದೆ. ಹಾಗಾಗಿ ಈಗ ಹೊಂದಿಸಿಟ್ಟ ಬಣ್ಣವನ್ನೇ ನಂಬಬೇಡಿ. ಮದುವೆ ಹಿಂದಿನ ದಿನ ಕಿಟಕಿ ಪಕ್ಕ ಇನ್ನೊಂದು ಸಲ ಹೊಂದಿಸಿ, ಸ್ವಲ್ಪ ಹಳದಿ ಛಾಯೆಯ ಶೇಡ್ ಕೈಯಲ್ಲಿರಲಿ.

ಬಾಸಿಂಗಕ್ಕೆ ದಾರ ಕಿವಿ ಮೇಲೆ ಕೂದಲಿನ ಮೇಲಿಂದ ಹೋಗುವ ಹಾಗೆ ಕಟ್ಟಿಸಿ, ಒಂದು ಪಿನ್ ಹಾಕಿಸಿ. ಕಟ್ಟುವುದು ಸೋದರಮಾವನಾದರೆ ಮುಂಚೆಯೇ ಹೇಳಿಡಿ, ಆ ಗಲಾಟೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆಮೇಲೆ ತಲೆಗೆ ಎಣ್ಣೆ ಹಚ್ಚುವವರನ್ನು ದೂರ ಇಡಿ. ಈ ಕ್ರೀಮು ಬೆವರಿಗೆ, ಕಣ್ಣೀರಿಗೆ ಜಗ್ಗುವುದಿಲ್ಲ, ಎಣ್ಣೆ ತಾಗಿದರೆ ಮಾತ್ರ ಕರಗಿ ಇಳಿಯುತ್ತದೆ. ಬೆವರು ಬಂದರೆ ಒರೆಸಬೇಡಿ, ಟಿಶ್ಯೂ ಒತ್ತಿ ತೆಗೆಯಿರಿ. ಇದನ್ನು ಪಕ್ಕದಲ್ಲಿ ನಿಲ್ಲುವ ಹುಡುಗಿಗೂ ಹೇಳಿ, ಸೆರಗಿನಲ್ಲಿ ಒರೆಸುವವರೇ ಜಾಸ್ತಿ.

ಸಂಜೆಮಲ್ಲಿಗೆ

ಒಂದು ಮಾತು ಸೇರಿಸುತ್ತೇನೆ. ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿಕೊಳ್ಳಿ. ಕೆಲವು ಬಿಳಿ ಪೌಡರ್, ಸತು ಇರುವ ಸನ್‌ಸ್ಕ್ರೀನ್ ಫ್ಲ್ಯಾಶ್‌ಗೆ ಬೆಳ್ಳಗೆ ಹೊಡೆಯುತ್ತವೆ. ನನ್ನ ಅಕ್ಕನ ರಿಸೆಪ್ಷನ್ ಫೋಟೋದಲ್ಲಿ ಕಣ್ಣಿನ ಕೆಳಗೆ ಎರಡು ಅರ್ಧಚಂದ್ರ.

ಬೆಣ್ಣೆದೋಸೆ_ದಾವಣಗೆರೆ

ಮದುವೆ ಮುಗಿಯಿತು! ನೆಂಟರೆಲ್ಲ ಹೋದ ಮೇಲೆ ಮೊದಲು ಬರೆಯುತ್ತಿರುವುದೇ ಇಲ್ಲಿ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಗೆರೆ ಮಾಡಿಕೊಂಡೆ. ಕರೆಂಟ್ ಹೋಯಿತು, ತಮ್ಮ ಟಾರ್ಚ್ ಹಿಡಿದ. ಮುಹೂರ್ತದ ತನಕ ಚೆನ್ನಾಗಿತ್ತು. ಧಾರೆ ಎರೆಯುವಾಗ ಅಪ್ಪ ಅತ್ತರು, ನಾನೂ ಅತ್ತೆ. ಕಣ್ಣೀರು ಗೆರೆ ಮೇಲೇ ಇಳಿಯಿತು, ಏನೂ ಆಗಲಿಲ್ಲ. ಕೆಟ್ಟಿದ್ದು ಎಲ್ಲಿ ಗೊತ್ತಾ? ಊಟದ ಹೊತ್ತಿಗೆ ದೊಡ್ಡಮ್ಮ ಬಂದು ಎರಡೂ ಕೈಯಲ್ಲಿ ಕೆನ್ನೆ ಹಿಡಿದು ನೆಟಿಕೆ ಮುರಿದರು. ಕೈಯೆಲ್ಲ ಹೋಳಿಗೆ ತುಪ್ಪ. ಕಿವಿ ಹತ್ತಿರದ ತುದಿ ಅಷ್ಟೂ ಹೋಯಿತು. ಎಣ್ಣೆಯವರನ್ನು ದೂರ ಇಟ್ಟಿದ್ದೆ ಅಣ್ಣಾ, ತುಪ್ಪದವರ ಬಗ್ಗೆ ನೀವು ಹೇಳಿರಲಿಲ್ಲ! ಮತ್ತೆ ಹಚ್ಚಲು ಹೋಗಲಿಲ್ಲ. ಒಟ್ಟು ನಾಲ್ಕು ಜನ ಕೇಳಿದರು, ಅಷ್ಟೇ. ಹೊಟ್ಟೆ ತುಂಬ ಊಟ ಮಾಡಿದೆ.

ಆದರೆ ನಿನ್ನೆ ಫೋಟೋದವನು ಸ್ಯಾಂಪಲ್ ಕಳಿಸಿದ್ದಾನೆ. ನಾನು ಏನೂ ಹೇಳದೆ ಅವನೇ ಕೆನ್ನೆಯೆಲ್ಲ ನುಣುಪು ಮಾಡಿ, ತುಟಿ ಪಕ್ಕ ಹುಟ್ಟಿನಿಂದ ಇದ್ದ ಮಚ್ಚೆಯನ್ನೂ ಅಳಿಸಿಬಿಟ್ಟಿದ್ದಾನೆ. ನಮ್ಮ ಅಜ್ಜಿ ಫೋಟೋ ನೋಡಿ "ಇದ್ಯಾರೆ?" ಅಂದರು.

ಚೌಕಿಮನೆ

ತುಪ್ಪ ಮರೆತದ್ದು ನನ್ನದೇ ತಪ್ಪು. ಆಲ್ಬಂ ಪ್ರಿಂಟ್‌ಗೆ ಹೋಗುವ ಮೊದಲು ಮೂಲ ಫೋಟೋ ಕೇಳಿ ತೆಗೆದುಕೊಳ್ಳಿ ತಂಗಿ, ಇವತ್ತೇ ಫೋನ್ ಮಾಡಿ. ಮಚ್ಚೆ ವಾಪಸ್ ಬರಲಿ. ಆಮೇಲೆ ನನ್ನ ಹೋಳಿಗೆ ಎಲ್ಲಿ?